ವೇಷ ತೊಟ್ಟ ಮಗಳು, ಬಾಗಿಲಲ್ಲಿ ನಿಂತ ಸಿಬ್ಬಂದಿ

ಛದ್ಮವೇಷ ಸ್ಪರ್ಧೆ ಎಂದರೇನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವ ಪ್ರತಿಯೊಬ್ಬ ತಾಯಿಯೂ ಒಂದಲ್ಲ ಒಂದು ವರ್ಷ ಅದರ ಹಿಂದಿನ ರಾತ್ರಿ ನಿದ್ದೆಗೆಟ್ಟಿರುತ್ತಾಳೆ. ರಟ್ಟು ಕತ್ತರಿಸಿ ಕಿರೀಟ ಮಾಡಿ, ಹಳೆಯ ದುಪಟ್ಟಾದಿಂದ ಪೇಟ ಸುತ್ತಿ, ಟಿಪ್ಪು ಸುಲ್ತಾನನನ್ನೋ, ಒನಕೆ ಓಬವ್ವನನ್ನೋ, ಸೊಪ್ಪು ಮಾರುವ ಅಜ್ಜಿಯನ್ನೋ ತಯಾರು ಮಾಡಿ ಬೆಳಗ್ಗೆ ಶಾಲೆಗೆ ಕಳಿಸುತ್ತೇವೆ. ಪ್ರತಿಭಾ ಕಾರಂಜಿಯಲ್ಲೂ ಛದ್ಮವೇಷಕ್ಕೆ ಸ್ಥಾನವಿದೆ. ಮನೆಬಾಗಿಲಿಗೆ ಬರುತ್ತಿದ್ದ ಹಗಲುವೇಷದವರನ್ನೂ ಬೀದಿಯ ಹುಲಿವೇಷವನ್ನೂ ಕಂಡು ಬೆಳೆದ ಕುಂಸಿಯ ನಮಗೆ ವೇಷವೆಂಬುದು ಹೊಸದಲ್ಲ.

ಆದರೆ ಶಾಲೆ ಮುಗಿಸಿ ಕಾಲೇಜು ಸೇರಿದ ಮೇಲೂ, ಕೆಲಸಕ್ಕೆ ಸೇರಿದ ಮೇಲೂ ವೇಷ ತೊಡುವ ಯುವಕ ಯುವತಿಯರಿದ್ದಾರೆ, ಅದಕ್ಕಾಗಿಯೇ ದೊಡ್ಡ ಮೇಳಗಳು ನಡೆಯುತ್ತವೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ನಿಮ್ಮ ಮಗಳೋ ಮಗನೋ ಬೆಂಗಳೂರಿನಲ್ಲಿ ಓದುತ್ತಿದ್ದರೆ 'ಕಾಮಿಕ್ ಕಾನ್' ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿರಬಹುದು. ಚಿತ್ರಕಥೆ, ಕಾರ್ಟೂನು, ಸಿನಿಮಾ, ವೀಡಿಯೋ ಆಟ ಇವುಗಳ ಅಭಿಮಾನಿಗಳು ಒಂದೆಡೆ ಸೇರುವ ಮೇಳವಿದು. ಪುಸ್ತಕದ ಮಳಿಗೆಗಳಿರುತ್ತವೆ, ಚಿತ್ರಕಾರರು ಬರುತ್ತಾರೆ. ತಮಗೆ ಇಷ್ಟವಾದ ಪಾತ್ರದಂತೆ ಉಡುಪು ಹೊಲಿಸಿ ತೊಟ್ಟು ಬರುವವರೂ ಇರುತ್ತಾರೆ. ಇದಕ್ಕೆ 'ಕಾಸ್‌ಪ್ಲೇ' ಎಂದು ಹೆಸರು. ಭಾರತದಲ್ಲಿ ಕಾಮಿಕ್ ಕಾನ್ ಮೊದಲು ನಡೆದದ್ದು 2011ರಲ್ಲಿ ದೆಹಲಿಯಲ್ಲಿ. ಮರುವರ್ಷ, ಅಂದರೆ 2012ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ನಂತರದ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ವಿಶಾಲ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಯಿತು.

ಭದ್ರಾವತಿಯ ತಾಯಿಯೊಬ್ಬರು ಮದುವೆಯೊಂದರಲ್ಲಿ ಸಿಕ್ಕಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಆಪಾ, ನನ್ನ ಮಗಳು ಯಾವುದೋ ವೇಷ ಹಾಕಿಕೊಂಡು ಮೇಳಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಇಪ್ಪತ್ತು ವರ್ಷದ ಹುಡುಗಿಗೆ ಇದೆಲ್ಲ ಬೇಕಾ? ಕಳಿಸಲಾ, ಬೇಡವಾ?" ಯಾವ ವೇಷ ಎಂದು ಕೇಳಿದೆ. ಕಮಲಾ ಖಾನ್ ಎಂಬ ಹುಡುಗಿಯಂತೆ ಎಂದರು. ಇದೊಂದು ಅಮೆರಿಕನ್ ಚಿತ್ರಕಥೆಯ ಪಾತ್ರ. ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬದ ಹದಿಹರೆಯದ ಹುಡುಗಿ. 2014ರಲ್ಲಿ ಮಾರ್ವೆಲ್ ಕಂಪೆನಿ ಅವಳ ಹೆಸರಿನಲ್ಲೇ ಪುಸ್ತಕಮಾಲೆ ತಂದಿತು. ಅವಳು ತನ್ನ ಸಾಹಸದ ಉಡುಪನ್ನು ಮಾಡಿಕೊಳ್ಳುವುದು ಬುರ್ಕಿನಿಯಿಂದ, ಅಂದರೆ ಮೈತುಂಬ ಮುಚ್ಚುವ ಈಜುಡುಪಿನಿಂದ! ಇದನ್ನು ಹೇಳಿದಾಗ ಆ ತಾಯಿಗೆ ನಗು ಬಂತು. ಮಲೇಶಿಯಾ, ಇಂಡೋನೇಶಿಯಾಗಳಲ್ಲಂತೂ ಹುಡುಗಿಯರು ಹಿಜಾಬನ್ನೇ ಪಾತ್ರದ ಕೂದಲಿನ ಆಕಾರಕ್ಕೆ ಮಡಚಿ, ಬಣ್ಣ ಹೊಂದಿಸಿ ಕಾಸ್‌ಪ್ಲೇ ಮಾಡುತ್ತಾರೆ.

ಹಾಗಾಗಿ ಉಡುಪಿನ ಪ್ರಶ್ನೆಯನ್ನು ನಾನಿಲ್ಲಿ ಬಿಡಿಸಲು ಹೋಗುವುದಿಲ್ಲ. ಅದನ್ನು ಆಯಾ ಮನೆಯವರು, ಮಗಳೊಂದಿಗೆ ಕುಳಿತು ನಿರ್ಧರಿಸಲಿ. ನಾನು ಆ ತಾಯಿಗೆ ಹೇಳಿದ್ದು ಬೇರೆಯೇ ಮಾತು. "ವೇಷ ಯಾವುದೆಂದು ಕೇಳಿದಿರಿ, ಸರಿ. ಅಲ್ಲಿ ನಿಯಮವೇನಿದೆ, ಆ ನಿಯಮ ಕಾಯುವವರು ಯಾರು, ನಿಮ್ಮ ಮಗಳು ಅಳುತ್ತ ಬಂದರೆ ಅವರು ಏನು ಮಾಡುತ್ತಾರೆ ಎಂದು ಕೇಳಿದಿರಾ?"

ಕೇಳಿರಲಿಲ್ಲ. ನಾವ್ಯಾರೂ ಕೇಳುವುದಿಲ್ಲ. ಶಾಲೆಯ ಪ್ರವಾಸಕ್ಕೆ ಕಳಿಸುವಾಗಲೂ ಕೇಳುವುದಿಲ್ಲ.

ವೇಷ ತೊಟ್ಟು ಅಭಿಮಾನಿ ಮೇಳಕ್ಕೆ ಹೋಗುವ ಪದ್ಧತಿ ಸಾಕಷ್ಟು ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಇಬ್ಬರು ಮಾತ್ರ ಭವಿಷ್ಯಕಾಲದ ಮನುಷ್ಯರ ಉಡುಪು ತೊಟ್ಟು ಬಂದಿದ್ದರು. ಅವರಲ್ಲೊಬ್ಬರು ಮರ್ಟಲ್ ಡಗ್ಲಸ್ ಎಂಬ ಮಹಿಳೆ. ಎರಡೂ ಉಡುಪುಗಳನ್ನು ಹೊಲಿದವರು ಅವರೇ. ಆದರೆ ಬಹುಕಾಲ ಹೆಚ್ಚು ಹೆಸರು ಬಂದದ್ದು ಜೊತೆಯಲ್ಲಿದ್ದ ಗಂಡಸಿಗೆ. ಹೊಲಿಗೆ ಯಂತ್ರದ ಮುಂದೆ ಕೂರುವ ನಮ್ಮ ಸಹೋದರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಆ ಕಾಲದಲ್ಲಿ ನಿಯಮಗಳಿರಲಿಲ್ಲ. ಏನಾದರೊಂದು ಅವಾಂತರ ಆದ ಮೇಲೆ ಒಂದೊಂದಾಗಿ ಹುಟ್ಟಿಕೊಂಡವು. ಅವುಗಳಲ್ಲಿ ತುಂಬ ಪ್ರಸಿದ್ಧವಾದದ್ದು ಅಡುಗೆ ಮನೆಯಿಂದಲೇ ಬಂದದ್ದು. 1972ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವ ಸಮ್ಮೇಳನದ ವೇಷ ಸ್ಪರ್ಧೆಗೆ ಒಬ್ಬ ಯುವ ಚಿತ್ರಕಾರ ಮೈಗೆಲ್ಲ ಪೀನಟ್ ಬಟರ್ ಮೆತ್ತಿಕೊಂಡು ಬಂದ. ಶೇಂಗಾ ಅರೆದು ಮಾಡಿದ, ಬ್ರೆಡ್ಡಿಗೆ ಹಚ್ಚಿ ತಿನ್ನುವ ಪದಾರ್ಥ ಅದು. ವೇದಿಕೆಯ ದೀಪದ ಬಿಸಿಗೆ ವಾಸನೆ ಎದ್ದಿತು. ತಿಂಗಳುಗಟ್ಟಲೆ ಕುಳಿತು ಹೊಲಿದ ಪಕ್ಕದವರ ಉಡುಪುಗಳಿಗೂ ಮೆತ್ತಿಕೊಂಡಿತು. ಅಂದಿನಿಂದ 'ಪೀನಟ್ ಬಟರ್ ಇಲ್ಲ' ಎಂಬುದು ಅಲ್ಲಿನ ವೇಷ ಸ್ಪರ್ಧೆಗಳ ಕಟ್ಟಳೆಯಾಯಿತು. ಕೇಳಲು ತಮಾಷೆಯೆನಿಸಿದರೂ ಅದರ ಅರ್ಥ ಚೆನ್ನಾಗಿದೆ. ನಿನ್ನ ವೇಷದಿಂದ ಇನ್ನೊಬ್ಬರ ಉಡುಪು ಕೆಡಬಾರದು, ಅಷ್ಟೇ.

ಮುಂದಿನದು ತಮಾಷೆಯಲ್ಲ. 2017ರ ಮೇ ತಿಂಗಳಲ್ಲಿ ಅಮೆರಿಕದ ಫೀನಿಕ್ಸ್ ನಗರದ ಮೇಳಕ್ಕೆ ಒಬ್ಬಾತ ಗುಂಡು ತುಂಬಿದ ನಿಜವಾದ ಬಂದೂಕುಗಳೊಂದಿಗೆ ಒಳನುಗ್ಗಿದ. ಎಲ್ಲರೂ ಆಟಿಕೆಯ ಆಯುಧ ಹಿಡಿದು ಓಡಾಡುವ ಜಾಗದಲ್ಲಿ ನಿಜವಾದದ್ದನ್ನು ಗುರುತಿಸುವವರಾರು? ಒಬ್ಬ ನಟನನ್ನು ಕೊಲ್ಲುವುದು ಅವನ ಉದ್ದೇಶವಾಗಿತ್ತು. ಅವನೇ ಕಳಿಸಿದ್ದ ಸಂದೇಶಗಳಿಂದ ಪೊಲೀಸರಿಗೆ ಸುಳಿವು ಸಿಕ್ಕಿ, ಅನಾಹುತಕ್ಕೆ ಮುಂಚೆ ಬಂಧಿಸಿದರು. ಕೂಡಲೇ ಆ ಮೇಳದಲ್ಲಿ ಆಟಿಕೆ ಆಯುಧಗಳನ್ನೂ ನಿಷೇಧಿಸಿದರು.

ಇಂಥ ಮೇಳಗಳಿಗೆ ಹೋದರೆ ಬಾಗಿಲಲ್ಲೇ ಒಂದು ತಪಾಸಣೆಯ ಮೇಜು ಕಾಣಬಹುದು. ಕೈಯಲ್ಲಿ ಕತ್ತಿ, ಬಿಲ್ಲು, ಬಂದೂಕಿನ ಆಕಾರದ ಏನೇ ಇದ್ದರೂ ಅಲ್ಲಿ ತೋರಿಸಬೇಕು. ರಟ್ಟು, ಥರ್ಮಾಕೋಲ್, ಚಪ್ಪಲಿ ಅಟ್ಟೆಯಂತಹ ಮೆತ್ತನೆಯ ಫೋಮ್ ಸಾಮಾನ್ಯವಾಗಿ ನಡೆಯುತ್ತದೆ. ಹರಿತವಾದ ಲೋಹ, ಗುಂಡು ಹಾರಿಸಬಲ್ಲದ್ದು, ಬೆಂಕಿ ಹೊತ್ತಿಕೊಳ್ಳುವಂಥದ್ದು ನಡೆಯುವುದಿಲ್ಲ. ಒಪ್ಪಿದ ವಸ್ತುವಿಗೆ ಬಣ್ಣದ ಪಟ್ಟಿ ಕಟ್ಟುವ ಪದ್ಧತಿ ಹಲವು ಕಡೆ ಇದೆ. ಕಟ್ಟಿದ್ದರೆ ತಪಾಸಣೆ ಆಗಿದೆಯೆಂದು ಒಳಗಿನ ಸಿಬ್ಬಂದಿಗೆ ದೂರದಿಂದಲೇ ತಿಳಿಯುತ್ತದೆ.

ಈ ಮೇಜಿನ ಬಳಿಯೇ ಸಿಬ್ಬಂದಿಯ ನಡತೆಯ ಮೊದಲ ಪರೀಕ್ಷೆ. ಪದರ ಪದರವಾಗಿ ವೇಷ ತೊಟ್ಟ ಹುಡುಗಿಯನ್ನು ತಪಾಸಣೆ ಮಾಡುವವರು ಯಾರು? ನಮ್ಮ ದೇಶದ ಕಾನೂನಿನಲ್ಲಿ ಪೊಲೀಸರೇ ಆದರೂ ಮಹಿಳೆಯನ್ನು ಶೋಧಿಸಬೇಕಾದರೆ ಮಹಿಳೆಯೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕು. ಹಾಗಿರುವಾಗ ಟಿಕೇಟು ಮಾರುವ ಕಂಪೆನಿಯ ಕಾವಲುಗಾರನಿಗೆ ಹೆಚ್ಚಿನ ಅಧಿಕಾರ ಎಲ್ಲಿಂದ ಬಂತು? ಮಹಿಳಾ ಕಾವಲುಗಾರರಿರಬೇಕು, ಪರದೆಯ ಮರೆಯಿರಬೇಕು. ಸ್ಕಾರ್ಫ್ ಧರಿಸಿದವಳಿಗೆ ಸಾಲಿನ ಮಧ್ಯೆ ಅದನ್ನು ತೆಗೆಯೆಂದು ಹೇಳಬಾರದು. ಅಲ್ಲಿ ನಿಲ್ಲುವವರು ಹೆಚ್ಚಾಗಿ ಆ ಎರಡು ದಿನಗಳ ಮಟ್ಟಿಗೆ ಕರೆತಂದ ಹುಡುಗರು. ಬೆಳಗ್ಗೆ ಹತ್ತಕ್ಕೆ ನಿಂತವನಿಗೆ ಮಧ್ಯಾಹ್ನ ಊಟಕ್ಕೆ ಬಿಡುವು ಸಿಕ್ಕಿರುವುದಿಲ್ಲ. ನಿಯಮದ ಕಾಗದ ಅವನ ಕೈಗೆ ಯಾರಾದರೂ ಕೊಟ್ಟಿದ್ದಾರೆಯೇ ಎಂಬುದೇ ಸಂಶಯ. ಅವನು ಸಿಡುಕಿದರೆ ತಪ್ಪು ಅವನೊಬ್ಬನದೇ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಟ್ಟುವುದು ಮತ್ತು ಫೋಟೋ ತೆಗೆಯುವುದು. ವೇಷ ತೊಟ್ಟವಳು ಎಲ್ಲರೂ ನೋಡಲೆಂದೇ ತೊಟ್ಟಿದ್ದಾಳೆ, ಹಾಗಾದರೆ ಹೆಗಲ ಮೇಲೆ ಕೈ ಹಾಕಿದರೇನು, ಹಿಂದಿನಿಂದ ಫೋಟೋ ಹೊಡೆದರೇನು ಎಂದು ತಿಳಿದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇದರ ವಿರುದ್ಧ 2014ರಲ್ಲಿ ಫಿಲಡೆಲ್ಫಿಯಾದ ಮೂವರು ಯುವತಿಯರು ದನಿ ಎತ್ತಿದರು. ಸ್ಯಾನ್ ಡಿಯಾಗೋದ ದೊಡ್ಡ ಕಾಮಿಕ್ ಕಾನ್ ಸ್ಪಷ್ಟವಾದ ಕಿರುಕುಳ ವಿರೋಧಿ ನೀತಿ ಪ್ರಕಟಿಸಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂದು ಸಹಿ ಸಂಗ್ರಹಿಸಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಸಹಿಗಳು ಬಂದವು. ಅದೇ ವರ್ಷ ನ್ಯೂಯಾರ್ಕ್ ಕಾಮಿಕ್ ಕಾನಿನ ಬಾಗಿಲಲ್ಲಿ ದೊಡ್ಡ ಫಲಕಗಳನ್ನು ನಿಲ್ಲಿಸಿದರು. ವೇಷ ಎಂದರೆ ಒಪ್ಪಿಗೆ ಅಲ್ಲ ಎಂಬುದು ಅವುಗಳ ಮೇಲಿದ್ದ ಮಾತು. ಫೋಟೋ ಬೇಕಿದ್ದರೆ ಕೇಳು, ಬೇಡ ಎಂದರೆ ಸುಮ್ಮನಾಗು ಎಂದು ಅದರ ಕೆಳಗೆ ವಿವರಿಸಲಾಗಿತ್ತು.

ಈ ಒಂದು ಮಾತಿಗಾಗಿ ನಾನು ಆ ಹುಡುಗಿಯರನ್ನು ಮೆಚ್ಚುತ್ತೇನೆ. ಬಟ್ಟೆ ನೋಡಿ ಹೆಣ್ಣಿಗೆ ಬೆಲೆ ಕಟ್ಟುವವರು ಬುರ್ಖಾ ತೊಟ್ಟವಳನ್ನೂ ಬಿಡುವುದಿಲ್ಲ ಎಂಬುದು ಶಿವಮೊಗ್ಗದ ಬಸ್ಸಿನಲ್ಲಿ ನಿಂತು ಪ್ರಯಾಣಿಸಿದ ನಮಗೆಲ್ಲ ಗೊತ್ತು.

ಫಲಕ ನಿಲ್ಲಿಸಿದರೆ ಕೆಲಸ ಮುಗಿಯಿತೇ? ಇದಕ್ಕಿಂತ ಎರಡು ವರ್ಷ ಮೊದಲು, 2012ರಲ್ಲಿ, ಬೋಸ್ಟನ್ ನಗರದ ಬಳಿ ನಡೆದ ಪ್ರಸಂಗವೊಂದನ್ನು ನೀವು ಗಮನಿಸಬೇಕು. ಅದು ವೇಷದ ಮೇಳವಾಗಿರಲಿಲ್ಲ. ರೀಡರ್‌ಕಾನ್ ಎಂಬ, ಓದುಗರ ಮತ್ತು ಲೇಖಕರ ಸಮ್ಮೇಳನವಾಗಿತ್ತು. ಅಂದರೆ ಓದು ಬರಹ ಬಲ್ಲ ಸಭ್ಯರ ಕೂಟ! ಕಿರುಕುಳ ಕೊಟ್ಟವರನ್ನು ಶಾಶ್ವತವಾಗಿ ಹೊರಗಿಡುತ್ತೇವೆ ಎಂದು ಅವರು ಮೊದಲೇ ನಿಯಮ ಬರೆದುಕೊಂಡಿದ್ದರು. ಆ ವರ್ಷ ಒಬ್ಬ ಲೇಖಕಿ ತನಗಾದ ಕಿರುಕುಳದ ಬಗ್ಗೆ ದೂರು ಕೊಟ್ಟರು. ಮಂಡಳಿ ವಿಚಾರಣೆ ನಡೆಸಿತು, ಕಿರುಕುಳ ನಡೆದದ್ದು ಹೌದೆಂದು ಒಪ್ಪಿತು. ಆದರೆ ಆರೋಪಿ ಎಲ್ಲರಿಗೂ ಪರಿಚಿತ, ಪಶ್ಚಾತ್ತಾಪ ತೋರಿದ್ದಾನೆ ಎಂಬ ಕಾರಣಕ್ಕೆ ಎರಡೇ ವರ್ಷ ಹೊರಗಿಟ್ಟಿತು.

ಈ ಲೆಕ್ಕಾಚಾರ ನಮಗೂ ಪರಿಚಿತವೇ ಅಲ್ಲವೇ? ಅವರು ದೊಡ್ಡವರು, ಏನೋ ಬಾಯಿ ತಪ್ಪಿ ಆಗಿದೆ, ಕ್ಷಮೆ ಕೇಳಿದ್ದಾರಲ್ಲ, ಹುಡುಗಿಯ ಹೆಸರು ಹೊರಗೆ ಬಂದರೆ ಅವಳಿಗೇ ಕಷ್ಟ. ಊರಿನ ಪಂಚಾಯಿತಿಯಿಂದ ಹಿಡಿದು ಶಾಲೆಯ ಆಡಳಿತ ಮಂಡಳಿಯವರೆಗೆ ಇದೇ ಮಾತುಗಳು. ಅಲ್ಲಿನವರು ಸುಮ್ಮನಿರಲಿಲ್ಲ. ಬರೆದ ನಿಯಮವನ್ನು ಪರಿಚಯಸ್ಥನಿಗಾಗಿ ಬಗ್ಗಿಸಿದಿರಿ ಎಂದು ಲೇಖಕರೂ ಓದುಗರೂ ಪ್ರತಿಭಟಿಸಿದರು. ಸಮ್ಮೇಳನ ಸಮಿತಿ ಆ ತೀರ್ಮಾನವನ್ನು ರದ್ದುಮಾಡಿ ಶಾಶ್ವತ ನಿಷೇಧ ವಿಧಿಸಿತು. ಮಂಡಳಿಯ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಹುಡುಗಿಯ ಬಾಯಿಂದ ದೂರು ಹೊರಬಂದ ಮೇಲೆ ಮೇಜಿನ ಆಚೆ ಕುಳಿತವರು ಏನು ಮಾಡುತ್ತಾರೆ ಎಂಬುದರಲ್ಲೇ ನಿಯಮದ ಜೀವ ಇರುವುದು. ಹಾಗಾಗಿ ನಾನು ಸಿಬ್ಬಂದಿಯ ವಿಷಯವನ್ನು ಮತ್ತೆ ಮತ್ತೆ ಎತ್ತುತ್ತಿದ್ದೇನೆ.

ಜಪಾನಿನ ಒಂದು ಪದ್ಧತಿ ನನಗೆ ಇಷ್ಟವಾಯಿತು. ಟೋಕಿಯೋದಲ್ಲಿ 1975ರಿಂದ ನಡೆಯುತ್ತಿರುವ 'ಕಾಮಿಕೆಟ್' ಎಂಬ ಭಾರೀ ಮೇಳವಿದೆ. ನಡೆಸುವವರು ಸ್ವಯಂಸೇವಕರು. ಅಲ್ಲಿ ಗಿರಾಕಿಗಳೇ ಇಲ್ಲ ಎನ್ನುತ್ತಾರೆ ಅವರು. ಮಾರುವವನು, ಕೊಳ್ಳುವವನು, ಕಾವಲು ನಿಂತವನು ಎಲ್ಲರೂ ಮೇಳದ ಭಾಗಿಗಳು, ಎಲ್ಲರಿಗೂ ಹೊಣೆಯುಂಟು. ಮನೆಯಿಂದಲೇ ವೇಷ ತೊಟ್ಟು ಬರುವಂತಿಲ್ಲ, ತೊಟ್ಟುಕೊಂಡೇ ಮನೆಗೆ ಹೋಗುವಂತಿಲ್ಲ. ಮೇಳದ ಬಟ್ಟೆ ಬದಲಿಸುವ ಕೋಣೆಯಲ್ಲೇ ತೊಟ್ಟು, ಅಲ್ಲೇ ಬಿಚ್ಚಿಡಬೇಕು. ದಾರಿಹೋಕರಿಗೂ ರೈಲಿನವರಿಗೂ ತೊಂದರೆಯಾಗದಿರಲೆಂದು ಈ ಕಟ್ಟಳೆ. ಫೋಟೋಗೆ ಬೇರೆಯೇ ಜಾಗ, ಅಲ್ಲಿಯೂ ಕೇಳಿಯೇ ತೆಗೆಯಬೇಕು. ನಮ್ಮವರಿಗೆ ಇದು ಅತಿಯಾದ ಶಿಸ್ತೆನಿಸಬಹುದು. ಬಟ್ಟೆ ಬದಲಿಸಲು ಸರಿಯಾದ ಕೋಣೆ ಕೊಡಬೇಕಾದದ್ದು ನಡೆಸುವವರ ಕೆಲಸ ಎಂಬುದನ್ನಾದರೂ ಅವರಿಂದ ಕಲಿಯಬಹುದು.

ನಮ್ಮ ದೇಶದ ಕಾನೂನಿನ ವಿಷಯವನ್ನೂ ಹೇಳಬೇಕು, ಏಕೆಂದರೆ 'ಖಾಸಗಿ ಮೇಳ, ಯಾರನ್ನು ಕೇಳುವುದು' ಎಂದು ಕೈಚೆಲ್ಲುವ ಅಗತ್ಯವಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ನೌಕರಿಯಲ್ಲಿರುವ ಮಹಿಳೆಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ಕೆಲಸದ ಸ್ಥಳಕ್ಕೆ ಬಂದ ಯಾವುದೇ ವಯಸ್ಸಿನ ಮಹಿಳೆ, ಅಲ್ಲಿ ನೌಕರಿಯಲ್ಲಿರಲಿ ಇಲ್ಲದಿರಲಿ, ದೂರು ಕೊಡಬಹುದು. ಮನರಂಜನೆಯ ವ್ಯವಹಾರ ನಡೆಸುವ ಖಾಸಗಿ ಸಂಸ್ಥೆಯೂ ಇದರಲ್ಲಿ ಬರುತ್ತದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಆಂತರಿಕ ಸಮಿತಿ ರಚಿಸಬೇಕು, ಅದರ ವಿವರವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಅದಕ್ಕಿಂತ ಸಣ್ಣ ಸಂಸ್ಥೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಬರೆದು ಕೊಡಬೇಕು ಎಂಬುದು ನೆನಪಿರಲಿ. ಕಿರುಕುಳ ಕೊಟ್ಟವನು ಸಿಬ್ಬಂದಿಯಲ್ಲ, ಮೇಳಕ್ಕೆ ಬಂದ ಇನ್ನೊಬ್ಬ ಎಂದಾದರೆ ನೇರವಾಗಿ ಪೊಲೀಸರ ಬಳಿ ಹೋಗಬಹುದು. ಬಟ್ಟೆ ಬದಲಿಸುವಾಗ ಕದ್ದು ಫೋಟೋ ತೆಗೆಯುವುದು 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿ ಅಪರಾಧ, ಹಿಂಬಾಲಿಸಿ ಕಾಡುವುದು 78ರಲ್ಲಿ.

ಹದಿನೆಂಟು ತುಂಬದ ಮಕ್ಕಳಿಗೆ 2012ರ ಪೋಕ್ಸೋ ಕಾಯಿದೆಯಿದೆ. ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಇದು ಶಾಲೆಗಳಿಗೂ ಅನ್ವಯಿಸುತ್ತದೆ.

ಶಾಲೆಯ ಮಾತು ಬಂತಲ್ಲ, ಈಗ ನಮ್ಮ ಅಂಗಳಕ್ಕೇ ಬರೋಣ. ವೈಟ್‌ಫೀಲ್ಡಿನ ಮೇಳಕ್ಕೆ ನಮ್ಮ ಹೋಬಳಿಯಿಂದ ಹೋಗುವವರು ಬೆರಳೆಣಿಕೆಯಷ್ಟು. ಛದ್ಮವೇಷಕ್ಕೆ ಪ್ರತಿವರ್ಷ ನೂರಾರು ಮಕ್ಕಳು ವೇದಿಕೆ ಹತ್ತುತ್ತಾರೆ. ಅಲ್ಲಿ ನಾನು ವರ್ಷಾನುಗಟ್ಟಲೆ ಕಂಡದ್ದು ಹೀಗಿದೆ. ಗಂಡು ಹೆಣ್ಣು ಮಕ್ಕಳಿಗೆ ಒಂದೇ ತರಗತಿ ಕೋಣೆಯಲ್ಲಿ ಬಟ್ಟೆ ಬದಲಾವಣೆ. ಕಿಟಕಿಗೆ ಪರದೆಯಿಲ್ಲ, ಬಾಗಿಲಲ್ಲಿ ಯಾರೂ ನಿಂತಿಲ್ಲ. ಯಾರ ಅಣ್ಣನೋ, ಯಾರ ಚಿಕ್ಕಪ್ಪನೋ ಮೊಬೈಲ್ ಹಿಡಿದು ಒಳಗೆ ಬಂದು ಹೋಗುತ್ತಾನೆ. ನಾಲ್ಕನೆಯ ತರಗತಿಯ ಹುಡುಗಿ ತನ್ನ ಅಕ್ಕನ ದುಪಟ್ಟಾದ ಮರೆಯಲ್ಲಿ ಲಂಗ ಕಟ್ಟಿಕೊಳ್ಳುತ್ತಾಳೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಆ ಮಗುವಿಗೆ ನಾಚಿಕೆಯಾಗಿದೆ, ಅದನ್ನು ಕೇಳುವವರಿಲ್ಲ.

ವೇದಿಕೆಯ ಮೇಲೆ ಇನ್ನೊಂದು. ಮಾತು ಮರೆತ ಮಗುವನ್ನು ನೋಡಿ ಧ್ವನಿವರ್ಧಕ ಹಿಡಿದ ಶಿಕ್ಷಕರೇ ನಗುವುದುಂಟು. ಬಹುಮಾನ ಕೊಡುವ ಗಣ್ಯರು ಮುದ್ದಾಗಿ ಕಂಡ ಹೆಣ್ಣುಮಗುವನ್ನು ಎತ್ತಿ ಮುದ್ದಿಸುತ್ತಾರೆ, ಮಗು ಮೈ ಬಿಗಿ ಹಿಡಿದಿರುವುದು ಹಿಂದೆ ನಿಂತ ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಸಂಜೆಯೊಳಗೆ ಮಕ್ಕಳ ಫೋಟೋಗಳು ಹೆಸರು, ತರಗತಿ ಸಮೇತ ಹತ್ತು ವಾಟ್ಸಪ್ ಗುಂಪುಗಳಲ್ಲಿ ಓಡಾಡುತ್ತವೆ. ತಾಯಂದಿರಿಗೆ ಸಂತೋಷವೇ. ಆದರೆ ಅಪ್ಪಣೆ ಕೇಳಿದವರು ಯಾರು? ಮುಖಕ್ಕೆ ಬಳಿದ ಅಗ್ಗದ ಬಣ್ಣದಿಂದ ಚರ್ಮ ಕೆಂಪಾಗಿ ಉರಿಯುವುದನ್ನು ಇಲ್ಲಿ ವಿವರಿಸುವುದಿಲ್ಲ, ಅದು ನಿಮಗೆಲ್ಲ ಅನುಭವದಿಂದಲೇ ಗೊತ್ತು.

ಇದನ್ನು ಸರಿಪಡಿಸಲು ಕಂಪೆನಿಯ ದುಡ್ಡು ಬೇಡ. ಎರಡು ಕೋಣೆ, ಎರಡು ಹಳೆಯ ಸೀರೆಯ ಪರದೆ, ಹೆಣ್ಣುಮಕ್ಕಳ ಕೋಣೆಯ ಬಾಗಿಲಲ್ಲಿ ಒಬ್ಬ ಶಿಕ್ಷಕಿ ಅಥವಾ ತಾಯಂದಿರಲ್ಲಿ ಒಬ್ಬರು ಸಾಕು. ಆ ಕೋಣೆಗೆ ಮೊಬೈಲ್ ತರಬಾರದು ಎಂದು ಬಾಗಿಲ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಅಂಟಿಸಿದರೆ ಸಾಕು. ಎಸ್‌ಡಿಎಂಸಿ ಸಭೆಗೆ ಹೋಗುವ ಸಹೋದರಿಯರು ಇದನ್ನು ಎತ್ತಬಹುದು. ಸ್ಪರ್ಧೆಯ ದಿನ ಬೆಳಗ್ಗೆ ಎತ್ತಿದರೆ ಪ್ರಯೋಜನವಿಲ್ಲ, ಎರಡು ವಾರ ಮೊದಲೇ ಹೇಳಿ. ಶಿಕ್ಷಕರು ಮುಖ ಸಿಂಡರಿಸಿದರೂ ಹೇಳಿ. ನಾನೂ ಶಿಕ್ಷಕ ವರ್ಗದವಳೇ, ಕೆಲಸ ಹೆಚ್ಚಾದಾಗ ನಮಗೆ ಸಿಡುಕು ಬರುತ್ತದೆ, ಆಮೇಲೆ ಇಳಿಯುತ್ತದೆ.

ಇನ್ನು ಭದ್ರಾವತಿಯ ಆ ತಾಯಿಯ ಮಗಳಂತೆ ಬೆಂಗಳೂರಿನ ಮೇಳಕ್ಕೆ ಹೊರಟವರಿದ್ದರೆ, ಮೊದಲು ಮೇಳದ ನಿಯಮಗಳನ್ನು ಮಗಳ ಬಾಯಿಂದಲೇ ಓದಿಸಿ ಕೇಳಿ. ಅವಳಿಗೇ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲಿ. ಒಬ್ಬಳೇ ಹೋಗದೆ ಇಬ್ಬರು ಗೆಳತಿಯರಾದರೂ ಜೊತೆಗಿರಲಿ. ಒಳಗೆ ಹೋದ ಕೂಡಲೇ ದೂರು ಕೇಳುವ ಮೇಜು ಎಲ್ಲಿದೆ, ಅಲ್ಲಿ ಮಹಿಳೆ ಇದ್ದಾಳೆಯೇ ಎಂದು ನೋಡಿಕೊಳ್ಳಲಿ. ಸಿಬ್ಬಂದಿಯ ಬ್ಯಾಡ್ಜ್ ಯಾವ ಬಣ್ಣದ್ದೆಂದು ಗುರುತು ಹಿಡಿಯಲಿ, ಏಕೆಂದರೆ ವೇಷಗಳ ನಡುವೆ ಕಾವಲುಗಾರನ ವೇಷ ತೊಟ್ಟವನೂ ಇರಬಹುದು! ಏನಾದರೂ ನಡೆದರೆ ಹೊತ್ತು, ಜಾಗ, ಯಾರಿಗೆ ಹೇಳಿದೆ, ಅವರು ಏನೆಂದರು ಎಂಬುದನ್ನು ಅಲ್ಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಲಿ. ಮೂರು ತಿಂಗಳ ಗಡುವಿನೊಳಗೆ ದೂರು ಬರೆಯುವಾಗ ಅದು ಬೇಕಾಗುತ್ತದೆ.

ಮತ್ತು ರಾತ್ರಿ ರೈಲು ಹತ್ತಿ ಶಿವಮೊಗ್ಗಕ್ಕೆ ಬಂದಿಳಿದ ಮಗಳು ಮಂಕಾಗಿದ್ದರೆ 'ನಾನು ಮೊದಲೇ ಹೇಳಿರಲಿಲ್ಲವೇ' ಎಂದು ಶುರು ಮಾಡಬೇಡಿ. ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ತುರ್ತಿಗೆ 112, ಮಹಿಳೆಯರ ಸಹಾಯಕ್ಕೆ 181, ಮಕ್ಕಳ ಸಹಾಯಕ್ಕೆ 1098. ಈ ಮೂರು ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.